ಕೊಳವೆ ದುರಸ್ತಿಗೆ ವಿದ್ಯುತ್ ಚಾಲಿತ ಪೈಪ್ ಫ್ರೀಜಿಂಗ್ ಯಂತ್ರ: ಆಯ್ಕೆ, ಬಳಕೆ ಮತ್ತು ನಿರ್ವಹಣೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗದ ಪ್ಲಂಬರುಗಳು, ಸ್ವಯಂ ಉದ್ಯೋಗ ಸಾಲಕ್ಕೆ ಅರ್ಜಿ ಸಲ್ಲಿಸುವವರು ಹಾಗೂ ಕಟ್ಟಡ ಮಾಲೀಕರ ಮಾಹಿತಿಗಾಗಿ

ನೀರು ತುಂಬಿರುವ ಕೊಳವೆಯನ್ನು ಬರಿದು ಮಾಡದೆಯೇ, ದುರಸ್ತಿ ಮಾಡಬೇಕಾದ ಸ್ಥಳದ ಪಕ್ಕದಲ್ಲಿ ಒಳಗಿನ ನೀರನ್ನು ಮಂಜುಗಡ್ಡೆಯಾಗಿಸಿ, ಆ ಮಂಜುಗಡ್ಡೆಯನ್ನೇ ಬಿರಡೆಯಂತೆ ಬಳಸಿಕೊಂಡು ನೀರನ್ನು ತಡೆಯುವ ಸಾಧನಕ್ಕೆ ಪೈಪ್ ಫ್ರೀಜಿಂಗ್ ಯಂತ್ರ ಎಂದು ಹೆಸರು. ಶೀತ ದೇಶಗಳಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿರುವ ಈ ಯಂತ್ರವನ್ನು ಕೊಳ್ಳಲು ಸಾಲ ಪಡೆಯುವ ಮುನ್ನ, ಈ ಭಾಗದ ಉಷ್ಣತೆ, ಇಲ್ಲಿನ ಮನೆಗಳಲ್ಲಿರುವ ಕೊಳವೆಗಳ ಬಗೆ ಹಾಗೂ ನೀರು ಸರಬರಾಜಾಗುವ ಕ್ರಮಕ್ಕೆ ಅದು ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದನ್ನು ಪರಿಶೀಲಿಸುವುದು ಅವಶ್ಯಕ. ಈ ಪುಟದ ಮುಖ್ಯ ಉದ್ದೇಶವೂ ಅದೇ ಆಗಿದೆ. ಗಂಗಾವತಿ ಮತ್ತು ಯಲಬುರ್ಗಾ ತಾಲ್ಲೂಕುಗಳಿಂದ ಬೇರ್ಪಟ್ಟು ರಚನೆಯಾಗಿರುವ ಕಾರಟಗಿ, ಕನಕಗಿರಿ ಹಾಗೂ ಕುಕನೂರು ತಾಲ್ಲೂಕುಗಳಿಗೂ ಈ ಮಾಹಿತಿ ಅನ್ವಯಿಸುತ್ತದೆ.

ಯಂತ್ರವು ಕೆಲಸ ಮಾಡುವ ಬಗೆ

ಮನೆಯ ರೆಫ್ರಿಜರೇಟರಿನಲ್ಲಿರುವಂತೆಯೇ ಈ ಯಂತ್ರದಲ್ಲಿಯೂ ಕಂಪ್ರೆಸರ್, ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಸುರುಳಿ, ಫ್ಯಾನ್ ಹಾಗೂ ಶೀತಕ ಅನಿಲ ಇರುತ್ತವೆ. ಎರಡು ಬಾಗುವ ಮೆದುಗೊಳವೆಗಳ ತುದಿಯಲ್ಲಿ ಫ್ರೀಜಿಂಗ್ ಹೆಡ್ ಎಂಬ ಲೋಹದ ಹಿಡಿಗಳಿದ್ದು, ಅವುಗಳನ್ನು ದುರಸ್ತಿಯ ಜಾಗದ ಎರಡೂ ಬದಿಗೆ ಕೊಳವೆಯ ಮೇಲೆ ಬಿಗಿಯಲಾಗುತ್ತದೆ. ಯಂತ್ರ ಚಾಲನೆಯಲ್ಲಿರುವಾಗ ಈ ಹಿಡಿಗಳು ಶೂನ್ಯಕ್ಕಿಂತ ಬಹಳ ಕೆಳಗಿನ ಉಷ್ಣತೆಗೆ ಇಳಿಯುತ್ತವೆ. ಕೊಳವೆಯ ಗೋಡೆಗೆ ತಾಗಿದ ನೀರು ಮೊದಲು ಹೆಪ್ಪುಗಟ್ಟಿ, ನಂತರ ಮಂಜುಗಡ್ಡೆಯು ಒಳಮುಖವಾಗಿ ಬೆಳೆದು ನಡುವೆ ಕೂಡಿಕೊಳ್ಳುತ್ತದೆ. ದುರಸ್ತಿ ಮುಗಿದ ನಂತರ ಯಂತ್ರವನ್ನು ನಿಲ್ಲಿಸಿದರೆ ಬಿರಡೆಯು ತಾನಾಗಿಯೇ ಕರಗಿ ನೀರು ಎಂದಿನಂತೆ ಹರಿಯುತ್ತದೆ.

ಇದಲ್ಲದೆ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಬಳಸುವ ಸಾಧನಗಳೂ, ದೊಡ್ಡ ವ್ಯಾಸದ ಕೊಳವೆಗಳಿಗೆ ದ್ರವ ಸಾರಜನಕ ಬಳಸುವ ವಿಧಾನವೂ ಇವೆ. ಇವೆರಡರಲ್ಲಿಯೂ ಹೊರಬರುವ ಅನಿಲವು ಮುಚ್ಚಿದ ಕೋಣೆಯಲ್ಲಿ ಉಸಿರಾಟಕ್ಕೆ ಅಪಾಯ ತರುವುದರಿಂದ ತರಬೇತಿ ಇಲ್ಲದವರು ಇವುಗಳನ್ನು ಬಳಸತಕ್ಕದ್ದಲ್ಲ. ವಿದ್ಯುತ್ ಯಂತ್ರದಲ್ಲಿ ಶೀತಕವು ಒಳಗೇ ಸುತ್ತುತ್ತಿರುವುದರಿಂದ ಪ್ರತಿ ಕೆಲಸಕ್ಕೂ ಅನಿಲ ತುಂಬಿಸುವ ಖರ್ಚು ಇರುವುದಿಲ್ಲ.

ಈ ಭಾಗದಲ್ಲಿ ಯಂತ್ರದ ಅವಶ್ಯಕತೆ ಎಷ್ಟು?

ಹರಿಯುವ ನೀರಿಗೆ ತಡೆ ಹಾಕುವ ಕಷ್ಟ ಈ ಜಿಲ್ಲೆಯವರಿಗೆ ಹೊಸದೇನಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ತಾತ್ಕಾಲಿಕ ಸ್ಟಾಪ್‌ಲಾಗ್ ಅಳವಡಿಸಿ ಹರಿವನ್ನು ತಡೆಯಲು ಸುಮಾರು ಒಂದು ವಾರ ಹಿಡಿದಿತ್ತು. ಮನೆಯ ಕೊಳವೆಯ ವಿಷಯದಲ್ಲಿ ಪ್ರಮಾಣ ಚಿಕ್ಕದಾದರೂ ಪ್ರಶ್ನೆ ಅದೇ: ನೀರನ್ನು ಮೊದಲು ನಿಲ್ಲಿಸುವುದು ಹೇಗೆ? ಪೈಪ್ ಫ್ರೀಜಿಂಗ್ ಯಂತ್ರ ಈ ಪ್ರಶ್ನೆಗೆ ಉತ್ತರ ಎಂದು ಅನೇಕರು ಭಾವಿಸುತ್ತಾರೆ. ವಸ್ತುಸ್ಥಿತಿಯಲ್ಲಿ ಸದರಿ ಯಂತ್ರವು ನಿಂತ ನೀರನ್ನು ಮಾತ್ರ ಹೆಪ್ಪುಗಟ್ಟಿಸಬಲ್ಲದು. ಹರಿಯುವ ನೀರನ್ನು ನಿಲ್ಲಿಸಲು ಅದರಿಂದ ಸಾಧ್ಯವಿಲ್ಲ.

ಇದಕ್ಕೆ ಕಾರಣವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಇಂಚಿನ ಜಿ.ಐ. ಕೊಳವೆಯಲ್ಲಿ 10 ಸೆಂಟಿಮೀಟರ್ ಉದ್ದದ ಬಿರಡೆಗೆ ಸುಮಾರು 57 ಗ್ರಾಂ ನೀರು ಬೇಕು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಣಿಸಲು 1 ಕ್ಯಾಲೊರಿಯಷ್ಟೂ, ಶೂನ್ಯ ಡಿಗ್ರಿಯಲ್ಲಿರುವ ಅದೇ ನೀರನ್ನು ಮಂಜುಗಡ್ಡೆಯಾಗಿಸಲು 80 ಕ್ಯಾಲೊರಿಯಷ್ಟೂ ಶಾಖವನ್ನು ಹೊರತೆಗೆಯಬೇಕು. ಕೊಳವೆಯ ನೀರು 30 ಡಿಗ್ರಿಯಲ್ಲಿದ್ದರೆ ಒಟ್ಟು ಸುಮಾರು 6,300 ಕ್ಯಾಲೊರಿ ತೆಗೆದರೆ ಬಿರಡೆ ಸಿದ್ಧವಾಗುತ್ತದೆ. ಆದರೆ ಅದೇ ಅವಧಿಯಲ್ಲಿ, ಸರಿಯಾಗಿ ಮುಚ್ಚದ ಒಂದು ನಳದಿಂದ ಕೇವಲ ಒಂದು ಲೀಟರ್ ನೀರು ತೊಟ್ಟಿಕ್ಕಿ ಹೋದರೂ, ಆ ಹಿಡಿಯ ಮೂಲಕ ಹಾದುಹೋಗುವ ನೀರು ತನ್ನೊಂದಿಗೆ 30,000 ಕ್ಯಾಲೊರಿ ಶಾಖವನ್ನು ತಂದಿರುತ್ತದೆ. ಬಿರಡೆಗೆ ಬೇಕಾದುದಕ್ಕಿಂತ ಇದು ಹೆಚ್ಚುಕಡಿಮೆ ಐದು ಪಟ್ಟು. ಗಂಟೆಗಟ್ಟಲೆ ಯಂತ್ರ ಓಡಿದರೂ ನೀರು ಹೆಪ್ಪುಗಟ್ಟಲಿಲ್ಲ ಎಂಬ ದೂರಿನ ಹಿಂದೆ ಬಹುತೇಕ ಇಂತಹ ತೊಟ್ಟಿಕ್ಕುವ ನಳವೇ ಇರುತ್ತದೆ. ಎರಡು ಇಂಚಿನ ಕೊಳವೆಯಾದರೆ ಅದೇ ಉದ್ದದ ಬಿರಡೆಗೆ ಸುಮಾರು 220 ಗ್ರಾಂ, ಅಂದರೆ ನಾಲ್ಕು ಪಟ್ಟು ನೀರು ಬೇಕಾಗುವುದನ್ನೂ ಗಮನಿಸಬೇಕು.

ಎರಡನೆಯ ತೊಡಕು ಉಷ್ಣತೆಯದು. ಯಂತ್ರದೊಂದಿಗೆ ಬರುವ ಪಟ್ಟಿಯಲ್ಲಿ ಎಷ್ಟು ವ್ಯಾಸಕ್ಕೆ ಎಷ್ಟು ನಿಮಿಷ ಎಂದು ಮುದ್ರಿಸಿರುವುದು ಸಾಮಾನ್ಯವಾಗಿ ತಂಪು ನೀರು ಮತ್ತು ತಂಪು ಹವೆಯನ್ನು ಆಧರಿಸಿದ ಅಂಕಿಗಳು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಹಗಲಿನ ಉಷ್ಣತೆ 40 ಡಿಗ್ರಿಯನ್ನು ಮುಟ್ಟುತ್ತದೆ. ಮಾಳಿಗೆಯ ಮೇಲೆ ಬಿಸಿಲಿಗೆ ಬಿದ್ದಿರುವ ಕೊಳವೆಯೊಳಗಿನ ನೀರು ಕೈಯಿಟ್ಟರೆ ಸುಡುವಷ್ಟು ಕಾದಿರುತ್ತದೆ. ಜೊತೆಗೆ ಕಂಡೆನ್ಸರ್ ತನ್ನ ಬಿಸಿಯನ್ನು ಹೊರಗಿನ ಗಾಳಿಗೇ ಬಿಡಬೇಕಾಗಿರುವುದರಿಂದ ಗಾಳಿ ಕಾದಷ್ಟೂ ಯಂತ್ರದ ಸಾಮರ್ಥ್ಯ ಕುಂದುತ್ತದೆ. ಆದುದರಿಂದ ಪಟ್ಟಿಯಲ್ಲಿರುವ ನಿಮಿಷಗಳನ್ನು ನಂಬಿ ಗಿರಾಕಿಗೆ ಸಮಯ ಹೇಳುವುದು ಸೂಕ್ತವಲ್ಲ.

ಮೂರನೆಯದಾಗಿ, ಈಚಿನ ವರ್ಷಗಳಲ್ಲಿ ಕಟ್ಟಲಾದ ಮನೆಗಳಲ್ಲಿ ಯು.ಪಿ.ವಿ.ಸಿ. ಮತ್ತು ಸಿ.ಪಿ.ವಿ.ಸಿ. ಕೊಳವೆಗಳೇ ಹೆಚ್ಚು. 2019ರಲ್ಲಿ ಆರಂಭಗೊಂಡ ಜಲ ಜೀವನ್ ಮಿಷನ್ ಅಡಿ, ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಎಂಬ ಹೆಸರಿನಲ್ಲಿ ನೀಡಲಾದ ಗ್ರಾಮೀಣ ನಳ ಸಂಪರ್ಕಗಳಲ್ಲಿಯೂ ಪ್ಲಾಸ್ಟಿಕ್ ಕೊಳವೆಯ ಬಳಕೆ ವ್ಯಾಪಕವಾಗಿದೆ. ಪ್ಲಾಸ್ಟಿಕ್ಕು ಶಾಖವನ್ನು ಲೋಹದಷ್ಟು ಬೇಗ ಸಾಗಿಸುವುದಿಲ್ಲವಾದ್ದರಿಂದ ಹೆಪ್ಪುಗಟ್ಟಲು ಬಹಳ ಸಮಯ ಬೇಕು. ಅಲ್ಲದೆ ಯು.ಪಿ.ವಿ.ಸಿ. ಕೊಳವೆಯು ಅತಿ ಶೀತದಲ್ಲಿ ಪೆಡಸಾಗಿ, ಗರಗಸ ತಾಗಿದ ಮಾತ್ರಕ್ಕೆ ಸೀಳುವ ಸಂಭವವಿದೆ. ಬಿಸಿಲಿಗೆ ಬಿದ್ದು ವರ್ಷಗಳಾದ ಕೊಳವೆಯಲ್ಲಂತೂ ಈ ಪ್ರಯೋಗ ಸಲ್ಲದು.

ನೀರು ಬಿಡುವ ಕ್ರಮವನ್ನೂ ಮರೆಯುವಂತಿಲ್ಲ. ದಿನದ ಎಲ್ಲ ಹೊತ್ತಿನಲ್ಲಿಯೂ ನೀರು ಬಾರದ, ಸರದಿಯಂತೆ ನೀರು ಬಿಡುವ ಬಡಾವಣೆಗಳಲ್ಲಿ, ನೀರು ನಿಂತ ಮೇಲೆ ಬೀದಿಯಿಂದ ಮನೆಗೆ ಬರುವ ಕೊಳವೆಯಲ್ಲಿ ಒತ್ತಡವಿರುವುದಿಲ್ಲ. ಆ ಹೊತ್ತಿನಲ್ಲಿ ಯಾವ ಯಂತ್ರವೂ ಇಲ್ಲದೆ ದುರಸ್ತಿ ಮಾಡಿಕೊಳ್ಳಬಹುದು. ಅರ್ಧ ಖಾಲಿಯಾದ ಕೊಳವೆಯಲ್ಲಿ ಬಿರಡೆಯೂ ಪೂರ್ಣವಾಗಿ ಕೂಡುವುದಿಲ್ಲ. ಇನ್ನು ಮನೆಯೊಳಗಿನ ಕೊಳವೆಗೆ ನೀರು ಬರುವುದು ಮಾಳಿಗೆಯ ಟ್ಯಾಂಕಿನಿಂದ. ಟ್ಯಾಂಕಿನ ಹೊರದ್ವಾರಕ್ಕೆ ಒಂದು, ಪ್ರತಿ ಬಚ್ಚಲು ಹಾಗೂ ಅಡುಗೆಮನೆಯ ಕವಲಿಗೆ ಒಂದೊಂದು ಗೇಟ್ ವಾಲ್ವ್ ಅಥವಾ ಬಾಲ್ ವಾಲ್ವ್ ಇದ್ದಲ್ಲಿ ಮನೆಯ ಮಟ್ಟದ ಬಹುತೇಕ ದುರಸ್ತಿಗಳಿಗೆ ಅಷ್ಟೇ ಸಾಕು. ಮನೆ ಕಟ್ಟುವಾಗ ಕೆಲವು ನೂರು ರೂಪಾಯಿ ಉಳಿಸಲು ಈ ವಾಲ್ವುಗಳನ್ನು ಕೈಬಿಟ್ಟು, ಮುಂದೆ ಒಂದು ವಾಷರ್ ಬದಲಿಸಲು ಸಾವಿರ ಲೀಟರ್ ಟ್ಯಾಂಕನ್ನು ಚರಂಡಿಗೆ ಬಿಡುವುದು ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಊರುಗಳಲ್ಲಿಯೂ ಕಂಡುಬರುತ್ತದೆ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ತಂತಿ ಬಿಗಿಯುವ ಹಳೆಯ ಉಪಾಯ ಒಂದೆರಡು ದಿನದ ಮಟ್ಟಿಗೆ ಸರಿಯೇ ಹೊರತು ಅದನ್ನು ದುರಸ್ತಿ ಎಂದು ಪರಿಗಣಿಸಲಾಗದು.

ಯಂತ್ರವು ನಿಜವಾಗಿ ಉಪಯೋಗಕ್ಕೆ ಬರುವ ಕಡೆ

ಹಾಗೆಂದ ಮಾತ್ರಕ್ಕೆ ಈ ಭಾಗದಲ್ಲಿ ಯಂತ್ರಕ್ಕೆ ಕೆಲಸವೇ ಇಲ್ಲವೆಂದಲ್ಲ. ಲೋಹದ ಕೊಳವೆಯಿದ್ದು, ನೀರು ನಿಂತಿದ್ದು, ಇಡೀ ವ್ಯವಸ್ಥೆಯನ್ನು ಬರಿದು ಮಾಡಿದರೆ ದೊಡ್ಡ ನಷ್ಟವಾಗುವ ಕಡೆ ಇದರ ಬೆಲೆ ತಿಳಿಯುತ್ತದೆ. ಬಹುಮಹಡಿ ಕಟ್ಟಡಗಳ ಅಗ್ನಿಶಾಮಕ ಕೊಳವೆಜಾಲ ಇದಕ್ಕೆ ಉತ್ತಮ ಉದಾಹರಣೆ: ಉಕ್ಕಿನ ಕೊಳವೆ, ಸದಾ ತುಂಬಿ ನಿಂತ ನೀರು, ಹರಿವು ಇಲ್ಲ. ಆಸ್ಪತ್ರೆಗಳಲ್ಲಿ ಒಂದು ಕವಲಿನ ದುರಸ್ತಿಗಾಗಿ ಎಲ್ಲ ವಾರ್ಡುಗಳ ನೀರು ನಿಲ್ಲಿಸಲಾಗದ ಸಂದರ್ಭ, ಕೇಂದ್ರೀಕೃತ ಹವಾನಿಯಂತ್ರಣದ ತಣ್ಣೀರಿನ ಕೊಳವೆಗಳು, ಗಿಣಿಗೇರಾ ಸುತ್ತಲಿನ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳಲ್ಲಿನ ಸಣ್ಣ ವ್ಯಾಸದ ನೀರಿನ ಕೊಳವೆಗಳು ಈ ಸಾಲಿಗೆ ಸೇರುತ್ತವೆ.

ಗಂಗಾವತಿ ಮತ್ತು ಕಾರಟಗಿ ಭಾಗದ ಅಕ್ಕಿ ಗಿರಣಿಗಳ ಬಾಯ್ಲರ್‌ಗೆ ಸೇರಿದ ಕೊಳವೆಗಳ ವಿಷಯ ಬೇರೆ. ಅಲ್ಲಿನ ಬಿಸಿ ನೀರು ಹೆಪ್ಪುಗಟ್ಟುವುದಿಲ್ಲ. ಬಾಯ್ಲರ್ ಆರಿ ತಣ್ಣಗಾಗದೆ ಯಾವುದೇ ಕೊಳವೆಯನ್ನು ಬಿಚ್ಚುವುದು ಪ್ರಾಣಾಪಾಯದ ಕೆಲಸ. ಬಾಯ್ಲರ್ ಸಂಬಂಧಿತ ದುರಸ್ತಿಗಳು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ನಿಯಮಗಳಿಗೆ ಒಳಪಟ್ಟಿರುತ್ತವೆ. ಸೌರ ವಾಟರ್ ಹೀಟರ್ ಕೊಳವೆಗಳನ್ನೂ ರಾತ್ರಿ ಪೂರ್ತಿ ತಣಿದ ನಂತರವೇ ಮುಟ್ಟಬೇಕು.

ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಅನೇಕ ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವ ಕಾರಣ ಅಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಸ್ಥಾಪಿಸಲಾಗಿದೆ. ಈ ಘಟಕಗಳ ಆರ್.ಒ. ಮೆಂಬ್ರೇನ್ ಹೆಪ್ಪುಗಟ್ಟಿದರೆ ಹಾಳಾಗುವುದರಿಂದ ಅದರ ಸಮೀಪ ಸದರಿ ಯಂತ್ರವನ್ನು ಬಳಸತಕ್ಕದ್ದಲ್ಲ. ಗಡಸು ನೀರು ಹರಿದ ಹಳೆಯ ಜಿ.ಐ. ಕೊಳವೆಗಳ ಒಳಗೆ ಸುಣ್ಣದಂತಹ ಪದರ ಕಟ್ಟಿರುತ್ತದೆ. ಈ ಪದರವು ಶಾಖವನ್ನು ತಡೆಯುತ್ತದೆ. ಪದರದ ಕೆಳಗೆ ತುಕ್ಕು ತಿಂದು ತೆಳುವಾದ ಗೋಡೆಯು ಬಿಗಿತವನ್ನು ತಾಳದೆ ಒಡೆಯಲೂಬಹುದು. ಕೊಳವೆಯನ್ನು ಮೆಲ್ಲಗೆ ತಟ್ಟಿ ನೋಡಿ, ಸಂಶಯವಿದ್ದಲ್ಲಿ ಕೆಲಸವನ್ನು ಒಪ್ಪಿಕೊಳ್ಳದಿರುವುದೇ ಲೇಸು.

ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಗೆ ಸೇರಿದ ಬೀದಿ ಕೊಳವೆಯನ್ನು ಖಾಸಗಿ ಪ್ಲಂಬರುಗಳು ಅನುಮತಿಯಿಲ್ಲದೆ ಹೆಪ್ಪುಗಟ್ಟಿಸುವುದಾಗಲಿ ಕತ್ತರಿಸುವುದಾಗಲಿ ಕೂಡದು. ಮೀಟರಿಗಿಂತ ಹಿಂದಿನ ಭಾಗದಲ್ಲಿ ಸೋರಿಕೆ ಇದ್ದರೆ ಮಾಲೀಕರು ಆಯಾ ಸ್ಥಳೀಯ ಸಂಸ್ಥೆಗೆ ಲಿಖಿತ ಅರ್ಜಿ ಸಲ್ಲಿಸಿ ವಾಲ್ವ್ ಮುಚ್ಚಿಸಿಕೊಳ್ಳಬೇಕು.

ಖರೀದಿಗೆ ಮುನ್ನ

ವಿದ್ಯುತ್ ಚಾಲಿತ ಯಂತ್ರದ ಬೆಲೆ ಅದರ ಸಾಮರ್ಥ್ಯಕ್ಕೆ ಅನುಗುಣವಾಗಿ ಒಂದು ಲಕ್ಷ ರೂಪಾಯಿಯ ಆಚೆಗೂ ಹೋಗುತ್ತದೆ. ಆದುದರಿಂದ ಲೆಕ್ಕ ಹಾಕಿಯೇ ಮುಂದುವರಿಯಬೇಕು. ಉದಾಹರಣೆಗೆ, 1,50,000 ರೂಪಾಯಿಯ ಯಂತ್ರವನ್ನು ಐದು ವರ್ಷ ಬಳಸಬಹುದೆಂದು ಎಣಿಸಿದರೆ ವರ್ಷಕ್ಕೆ 30,000 ರೂಪಾಯಿ ಸವಕಳಿ ಬರುತ್ತದೆ. ವರ್ಷದಲ್ಲಿ 12 ಕೆಲಸ ಸಿಕ್ಕರೆ ಪ್ರತಿ ಕೆಲಸದ ಮೇಲೆ 2,500 ರೂಪಾಯಿ ಯಂತ್ರದ ಬಾಬತ್ತಿಗೇ ಹೋಯಿತು. ಬಡ್ಡಿ, ಸಾಗಣೆ ಮತ್ತು ಸಹಾಯಕನ ಕೂಲಿ ಬೇರೆ. ಈ ಮೊತ್ತವನ್ನು ಆಸ್ಪತ್ರೆಯೋ ಕಾರ್ಖಾನೆಯೋ ಕೊಡಬಹುದು, ಮನೆಯ ಯಜಮಾನ ಕೊಡಲಾರ. ಹೀಗಾಗಿ ವರ್ಷಕ್ಕೆ ಎಷ್ಟು ಕೆಲಸ ದೊರೆಯಬಹುದೆಂದು ಎರಡು ಮೂರು ಸಂಸ್ಥೆಗಳಿಂದ ವಿಚಾರಿಸಿ ತಿಳಿಯದೆ ಕೊಟೇಶನ್ ಪಡೆಯಬಾರದು. ಇಬ್ಬರು ಮೂವರು ಪ್ಲಂಬರುಗಳು ಕೂಡಿ ಒಂದು ಯಂತ್ರ ಕೊಳ್ಳುವುದು, ಅಥವಾ ಬಾಡಿಗೆಗೆ ದೊರೆಯುವಲ್ಲಿ ಮೊದಲು ಬಾಡಿಗೆಗೆ ತಂದು ನೋಡುವುದು ಹೆಚ್ಚು ವಿವೇಕದ ಮಾರ್ಗ.

ಕೊಳ್ಳುವುದೇ ನಿಶ್ಚಯವಾದಲ್ಲಿ ಮೊದಲು ನೋಡಬೇಕಾದುದು ವಿದ್ಯುತ್ ವಿವರದ ಫಲಕವನ್ನು. ಇಲ್ಲಿನ ಪೂರೈಕೆ 230 ವೋಲ್ಟ್, 50 ಹರ್ಟ್ಸ್. ಅಮೆರಿಕದ ಮಾರುಕಟ್ಟೆಗಾಗಿ ತಯಾರಾದ ಯಂತ್ರಗಳು ಸುಮಾರು 115 ವೋಲ್ಟ್, 60 ಹರ್ಟ್ಸ್‌ಗೆ ಸೇರಿದವು. ಕಡಿಮೆ ಬೆಲೆಗೆ ದೊರೆಯಿತೆಂದು ಅವುಗಳನ್ನು ತರಿಸಿಕೊಂಡರೆ ಕಂಪ್ರೆಸರ್ ಸುಟ್ಟುಹೋಗುವ ಸಂಭವವಿದೆ. ನಂತರ, ಕೈಪಿಡಿಯಲ್ಲಿ ನಮೂದಿಸಿರುವ ನೀರಿನ ಹಾಗೂ ಸುತ್ತಲಿನ ಗಾಳಿಯ ಗರಿಷ್ಠ ಉಷ್ಣತೆಯನ್ನು ಓದಬೇಕು. ಅದು ನಮ್ಮ ಬೇಸಿಗೆಗಿಂತ ಕಡಿಮೆಯಿದ್ದಲ್ಲಿ ಮಾರಾಟಗಾರರ ಬಾಯಿಮಾತಿನ ಭರವಸೆಗೆ ಬೆಲೆ ಇರುವುದಿಲ್ಲ. ಸಾಧ್ಯವಾದರೆ ಮಧ್ಯಾಹ್ನದ ಹೊತ್ತು, ನೀರು ತುಂಬಿದ ಜಿ.ಐ. ಕೊಳವೆಯ ತುಂಡಿನ ಮೇಲೆ ಪ್ರಯೋಗ ಮಾಡಿ ತೋರಿಸುವಂತೆ ಕೇಳಬೇಕು. ಫ್ರೀಜಿಂಗ್ ಹೆಡ್‌ಗಳು ಅರ್ಧ ಇಂಚಿನಿಂದ ಬೇಕಾದ ಗರಿಷ್ಠ ವ್ಯಾಸದವರೆಗೆ ಬಿಗಿಯಾಗಿ ಕೂರುತ್ತವೆಯೇ, ಅಳತೆ ಹೊಂದಿಸುವ ತುಂಡುಗಳು ಬೆಲೆಯಲ್ಲಿ ಸೇರಿವೆಯೇ ಎಂಬುದನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳತಕ್ಕದ್ದು.

ಶೀತಕ ಅನಿಲದ ಹೆಸರೂ ಮುಖ್ಯ. ಹಳೆಯ ಮಾದರಿಗಳಲ್ಲಿ ಆರ್-404ಎ ಬಳಕೆಯಿದ್ದು, ಭೂತಾಪ ಹೆಚ್ಚಿಸುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು. ಭಾರತವು 2021ರಲ್ಲಿ ಕಿಗಾಲಿ ತಿದ್ದುಪಡಿಯನ್ನು ಅನುಮೋದಿಸಿದ್ದು, ಇಂತಹ ಅನಿಲಗಳ ಬಳಕೆ ಹಂತಹಂತವಾಗಿ ಇಳಿಯಲಿದೆ. ಹೊಸ ಮಾದರಿಗಳಲ್ಲಿನ ಆರ್-290 ಎಂದರೆ ಪ್ರೊಪೇನ್. ಪರಿಸರಕ್ಕೆ ಹಾನಿ ಅತ್ಯಲ್ಪ, ಆದರೆ ಬೆಂಕಿಗೆ ಹೊತ್ತಿಕೊಳ್ಳುವ ಅನಿಲ. ಬ್ರೇಜಿಂಗ್ ದೀಪದೊಂದಿಗೆ ಕೆಲಸ ಮಾಡುವವರು ಗಾಳಿಯಾಡುವ ಸ್ಥಳದಲ್ಲಿ ಮಾತ್ರ ಇದನ್ನು ಬಳಸಬೇಕು.

ಬಳಸುವಾಗ ವಹಿಸಬೇಕಾದ ಎಚ್ಚರ

ಬೇಸಿಗೆಯಲ್ಲಿ ಮುಂಜಾನೆ ಸೂರ್ಯ ಏರುವ ಮೊದಲೇ ಕೆಲಸ ಆರಂಭಿಸುವುದು ಉತ್ತಮ. ಕಟ್ಟಡದ ಎಲ್ಲ ನಳಗಳನ್ನೂ ಮುಚ್ಚಿ, ಪಂಪ್ ನಿಲ್ಲಿಸಿ, ಶೌಚಾಲಯದ ಫ್ಲಶ್ ಟ್ಯಾಂಕುಗಳು ತುಂಬಿ ನಿಂತ ನಂತರವೇ ಹಿಡಿಗಳನ್ನು ಬಿಗಿಯಬೇಕು. ಕೊಳವೆಯ ಮೇಲಿನ ಬಣ್ಣ ಮತ್ತು ತುಕ್ಕನ್ನು ಮರಳು ಕಾಗದದಿಂದ ಉಜ್ಜಿ ತೆಗೆದು, ಹಿಡಿ ಹಾಗೂ ಕೊಳವೆಯ ನಡುವೆ ಗಾಳಿ ಉಳಿಯದಂತೆ ತಯಾರಕರು ಸೂಚಿಸಿದ ಜೆಲ್ ಅಥವಾ ನೀರನ್ನು ಸಿಂಪಡಿಸುತ್ತಿರಬೇಕು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಕೊಳವೆಯ ಉದ್ದಕ್ಕೂ ಜಾಗ ಬೇಕಾಗುವುದರಿಂದ ಮುಚ್ಚಿದ ವಾಲ್ವ್, ಮೀಟರ್ ಅಥವಾ ಎಲ್ಬೋ ಪಕ್ಕದಲ್ಲಿಯೇ ಹಿಡಿಯನ್ನು ಕೂರಿಸಬಾರದು.

ಹಿಡಿಯ ಎರಡೂ ಬದಿಗೆ ಕೊಳವೆಯ ಮೇಲೆ ಬಿಳಿ ಹಿಮ ಕಾಣಿಸಿಕೊಂಡ ಮಾತ್ರಕ್ಕೆ ಬಿರಡೆ ಕೂಡಿತೆಂದು ಭಾವಿಸಲಾಗದು. ದುರಸ್ತಿಯ ಬದಿಯ ನಳವನ್ನು ತೆರೆದು, ಅಲ್ಲಿ ಉಳಿದ ನೀರು ಹರಿದು ಹೋದ ಮೇಲೆ ಒಂದು ಹನಿಯೂ ಮತ್ತೆ ಬರುವುದಿಲ್ಲವೆಂದು ಕೆಲವು ನಿಮಿಷ ಕಾದು ಖಚಿತಪಡಿಸಿಕೊಳ್ಳಬೇಕು.

ಅತ್ಯಂತ ಗಂಭೀರವಾದ ಅಪಾಯವೆಂದರೆ ಕೊಳವೆಯನ್ನು ಕತ್ತರಿಸಿದ ನಂತರ ವಿದ್ಯುತ್ ಹೋಗುವುದು. ಯಂತ್ರ ನಿಂತೊಡನೆ ಬಿರಡೆಯು ಗೋಡೆಯ ಕಡೆಯಿಂದ ಕರಗಲಾರಂಭಿಸಿ, ಹಿಂದಿನ ಒತ್ತಡಕ್ಕೆ ಒಮ್ಮೆಲೇ ಹೊರಚಿಮ್ಮಬಹುದು. ಆದ ಕಾರಣ ಹೊಸ ವಾಲ್ವನ್ನು ತೆರೆದ ಸ್ಥಿತಿಯಲ್ಲಿ, ಅದಕ್ಕೆ ಬೇಕಾದ ಥ್ರೆಡ್ಡು, ಟೆಫ್ಲಾನ್ ಟೇಪು, ಸ್ಪ್ಯಾನರುಗಳೊಂದಿಗೆ ಸಿದ್ಧವಿಟ್ಟುಕೊಂಡ ಮೇಲೆಯೇ ಗರಗಸ ಹಿಡಿಯಬೇಕು. ನೀರು ನುಗ್ಗಿ ಬಂದರೆ ತೆರೆದ ವಾಲ್ವನ್ನು ತಿರುಗಿಸಿ ಕೂರಿಸುವುದು ಸುಲಭ. ಮುಚ್ಚಿದ ವಾಲ್ವನ್ನು ಒತ್ತಡದ ಎದುರು ಹಚ್ಚುವುದು ಕಷ್ಟ. ಗುಲ್ಬರ್ಗಾ ವಿದ್ಯುತ್ ಸರಬರಾಜು ಕಂಪನಿಯು ಪ್ರಕಟಿಸುವ ವಿದ್ಯುತ್ ವ್ಯತ್ಯಯದ ಸಮಯವನ್ನು ಹಿಂದಿನ ದಿನವೇ ತಿಳಿದುಕೊಳ್ಳುವುದು, ದೊಡ್ಡ ಕೆಲಸಗಳಿಗೆ ಜನರೇಟರ್ ಇರಿಸಿಕೊಳ್ಳುವುದು ಸೂಕ್ತ. ಆಸ್ಪತ್ರೆಯ ವಿದ್ಯುತ್ ಕೋಣೆ ಅಥವಾ ಔಷಧ ಉಗ್ರಾಣದ ಮೇಲೆ ಹಾದುಹೋಗುವ ಕೊಳವೆಯಾದರೆ ಇದು ಕಡ್ಡಾಯವೆಂದೇ ತಿಳಿಯತಕ್ಕದ್ದು. ವಿದ್ಯುತ್ ಮರಳಿ ಬಂದೊಡನೆ ಯಂತ್ರವನ್ನು ಚಾಲೂ ಮಾಡದೆ ಮೂರರಿಂದ ಐದು ನಿಮಿಷ ಬಿಡಬೇಕು, ಇಲ್ಲವಾದಲ್ಲಿ ಕಂಪ್ರೆಸರ್ ಮೇಲೆ ಭಾರ ಬೀಳುತ್ತದೆ.

ಒದ್ದೆ ನೆಲದಲ್ಲಿ ಕೆಲಸವಾದ್ದರಿಂದ ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ ಮತ್ತು 30 ಮಿಲಿಆಂಪಿಯರ್ ಆರ್.ಸಿ.ಸಿ.ಬಿ. ಇರಲೇಬೇಕು. ಚಾಲನೆಯಲ್ಲಿರುವ ಹಿಡಿಯನ್ನು ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಅಂಟಿಕೊಂಡು ಸುಟ್ಟ ಗಾಯದಂತಾಗುತ್ತದೆ.

ನಿರ್ವಹಣೆ

ಕೆಲಸ ಮುಗಿದ ಮೇಲೆ ಹಿಡಿಗಳು ತಾವಾಗಿಯೇ ಕರಗಿ ಬಿಡುವವರೆಗೆ ಕಾಯಬೇಕು. ಸುತ್ತಿಗೆಯಿಂದ ತಟ್ಟುವುದು, ಮೆದುಗೊಳವೆ ಹಿಡಿದು ಎಳೆಯುವುದು ಅಥವಾ ಬೆಂಕಿ ತೋರಿಸುವುದು ಯಂತ್ರ ಕೆಡುವ ಸಾಮಾನ್ಯ ಕಾರಣಗಳು. ತಣ್ಣಗಿರುವಾಗ ಮೆದುಗೊಳವೆ ಪೆಡಸಾಗಿರುತ್ತದೆ. ಆಗ ಅದನ್ನು ಬಗ್ಗಿಸಿ ಸುತ್ತಿದರೆ ಸೂಕ್ಷ್ಮ ಬಿರುಕು ಬಿಟ್ಟು ಅನಿಲ ಸೋರಿಹೋಗುತ್ತದೆ. ಈ ಒಂದು ತಪ್ಪಿನಿಂದ ಆಗುವ ಖರ್ಚು ಬೇರೆಲ್ಲ ದುರಸ್ತಿಗಳಿಗಿಂತ ಹೆಚ್ಚು.

ಎರೆ ಭೂಮಿಯ ಧೂಳು, ಗಿರಣಿಗಳ ಹೊಟ್ಟಿನ ಪುಡಿ ಹಾಗೂ ಕಾರ್ಖಾನೆಗಳ ಮಸಿ ಕಂಡೆನ್ಸರ್ ರೆಕ್ಕೆಗಳಲ್ಲಿ ಕೂರುವುದರಿಂದ ಪ್ರತಿ ಕೆಲಸದ ನಂತರ ಮೃದು ಬ್ರಷ್ಷಿನಿಂದ ಒರೆಸಬೇಕು. ಯಂತ್ರವನ್ನು ಸಾಧ್ಯವಾದಷ್ಟು ನೆಟ್ಟಗೆ ನಿಲ್ಲಿಸಿಯೇ ಸಾಗಿಸಬೇಕು. ಮೋಟಾರ್ ಸೈಕಲ್ ಮೇಲೆ ಅಡ್ಡ ಮಲಗಿಸಿ ತಂದಲ್ಲಿ ಕಂಪ್ರೆಸರ್ ಎಣ್ಣೆ ಸ್ವಸ್ಥಾನಕ್ಕೆ ಇಳಿಯಲು ಕೆಲವು ಗಂಟೆ ನಿಲ್ಲಿಸಿದ ನಂತರ ಚಾಲೂ ಮಾಡತಕ್ಕದ್ದು. ಹಿಡಿಗಳ ಮೇಲೆ ಹಿಮ ಕಟ್ಟಲು ಮೊದಲಿಗಿಂತ ಹೆಚ್ಚು ಸಮಯ ಹಿಡಿಯುತ್ತಿದ್ದರೆ ಅನಿಲ ಕಡಿಮೆಯಾಗಿದೆ ಎಂದೇ ಮೊದಲು ಶಂಕಿಸಬೇಕು. ಅನಿಲ ತುಂಬುವ ಕೆಲಸವನ್ನು ಐ.ಟಿ.ಐ. ಶೈತ್ಯೀಕರಣ ಮತ್ತು ಹವಾನಿಯಂತ್ರಣ ವೃತ್ತಿಯಲ್ಲಿ ತರಬೇತಿ ಪಡೆದವರಿಂದಲೇ ಮಾಡಿಸಬೇಕು. ಒಂದು ಅನಿಲದ ಬದಲಿಗೆ ಇನ್ನೊಂದನ್ನು ತುಂಬಿಸಬಾರದು. ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೂ ಆಗಾಗ್ಗೆ ಹತ್ತು ನಿಮಿಷ ಓಡಿಸಿ, ಹಿಮ ಕಟ್ಟಲು ಹಿಡಿದ ಸಮಯವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಖಾತರಿ ಅವಧಿಯಲ್ಲಿ ದೂರು ನೀಡುವಾಗ ಈ ದಾಖಲೆ ಉಪಯೋಗಕ್ಕೆ ಬರುತ್ತದೆ.

ಸಾಲ ಹಾಗೂ ದೂರು

ಯಂತ್ರಕ್ಕಾಗಿ ಬ್ಯಾಂಕ್ ಸಾಲ ಬಯಸುವವರು ಮೊದಲು ಉದ್ಯಮ್ ನೋಂದಣಿ ಮಾಡಿಸಿಕೊಳ್ಳಬೇಕು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿ ಸಂಪೂರ್ಣ ಉಚಿತವಾಗಿದ್ದು, ಮಧ್ಯವರ್ತಿಗಳಿಗೆ ಹಣ ಕೊಡಬೇಕಾದ ಅಗತ್ಯವಿಲ್ಲ. ಪ್ರಧಾನ ಮಂತ್ರಿ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗಿನ ಸಾಲವು ಶಿಶು ವರ್ಗಕ್ಕೂ, ಅದರ ಮೇಲೆ 5 ಲಕ್ಷದವರೆಗಿನದು ಕಿಶೋರ ವರ್ಗಕ್ಕೂ ಸೇರುತ್ತದೆ. ಅರ್ಜಿಯೊಂದಿಗೆ ಗುರುತಿನ ಮತ್ತು ವಿಳಾಸದ ದಾಖಲೆ, ಯಂತ್ರದ ಕೊಟೇಶನ್ ಹಾಗೂ ಕೆಲಸ ದೊರೆಯುವ ಸ್ಥಳಗಳ ವಿವರವುಳ್ಳ ಯೋಜನಾ ವರದಿಯನ್ನು ಲಗತ್ತಿಸಬೇಕು. ಸಹಾಯಧನವಿರುವ ಯೋಜನೆಗಳ ವಿವರ ಕೊಪ್ಪಳದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಲಭ್ಯ. ಮಂಜೂರಾತಿಗೆ ಮುನ್ನವೇ ಕೈಯಿಂದ ಹಣ ಕೊಟ್ಟು ಯಂತ್ರ ಖರೀದಿಸಿದವರಿಗೆ ಆ ಬಿಲ್ಲಿನ ಮೇಲೆ ಸೌಲಭ್ಯ ದೊರೆಯದಿರಬಹುದು.

ಜೀವನೋಪಾಯಕ್ಕಾಗಿ ಸ್ವತಃ ಬಳಸಲು ಯಂತ್ರ ಕೊಂಡವರೂ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಗ್ರಾಹಕರೇ ಆಗಿರುತ್ತಾರೆ. ಹೇಳಿದ ಸಾಮರ್ಥ್ಯದಂತೆ ಯಂತ್ರ ಕೆಲಸ ಮಾಡದಿದ್ದಲ್ಲಿ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರಿನೊಂದಿಗೆ ಜಿ.ಎಸ್.ಟಿ. ಬಿಲ್ಲು, ಖಾತರಿ ಪತ್ರ, ಮಾರಾಟಗಾರರೊಂದಿಗಿನ ಪತ್ರವ್ಯವಹಾರ ಹಾಗೂ ಮೇಲೆ ತಿಳಿಸಿದ ಚಾಲನಾ ದಾಖಲೆಯ ಪ್ರತಿಯನ್ನು ಇರಿಸತಕ್ಕದ್ದು.